ಮೊದಲು ಇಳಿಸೋರು ಯಾರು?

ಏಣಿಯಕ್ಕನ ಬಾಯಿಗೆ ಹೆದರದ ಗಿರಾಕಿ ಆ ರಸ್ತೆಯಲ್ಲೇ ಇರಲಿಲ್ಲ. ಸಿಗರೇಟು ಕಚ್ಚಿಕೊಂಡೇ ಪೆಟ್ರೋಲ್ ಬಂಕಿನೊಳಗೆ ಗಾಡಿ ತಂದವನಿಗೆ ಅವಳು ಹೇಳುತ್ತಿದ್ದ ಮಾತನ್ನು ಇಲ್ಲಿ ಬರೆದರೆ ನೀವು ಪುಸ್ತಕ ಮುಚ್ಚಿಟ್ಟೀರಿ. ದೊಡ್ಡ ಕಾರಿನ ಗಾಜನ್ನು ಬೆರಳಗಲ ಇಳಿಸಿ, ಮುಖವನ್ನೂ ತೋರಿಸದೆ ನೋಟು ತೂರಿಸುವವರನ್ನು ಕಂಡರಂತೂ ಅವಳಿಗೆ ಮೈ ಉರಿಯುತ್ತಿತ್ತು. "ಒಳಗೆ ಯಾರಾದ್ರೂ ಇದ್ದೀರಾ, ಇಲ್ಲಾ ಗಾಡಿನೇ ತಾನಾಗಿ ಬಂತಾ?" ಎಂದು ಗಾಜು ತಟ್ಟುತ್ತಿದ್ದಳು. ಹಾಗೆಂದು ಕೆಲಸದಲ್ಲಿ ಒಂದು ಹನಿಯೂ ಅತ್ತಿತ್ತ ಆಗುತ್ತಿರಲಿಲ್ಲ. ಮೀಟರಿನ ಸೊನ್ನೆ ತೋರಿಸಿ, ಗಿರಾಕಿ ಹೂಂ ಎಂದ ಮೇಲೆಯೇ ನಾಜಲ್ ಒತ್ತುತ್ತಿದ್ದಳು. ಬೈಸಿಕೊಂಡವರೂ ಮಾರನೆಯ ದಿನ ಅವಳ ಸಾಲಿನಲ್ಲೇ ಬಂದು ನಿಲ್ಲುತ್ತಿದ್ದರು.

ಏಣಿಯಕ್ಕ ಎಂಬ ಹೆಸರು ಬಂದದ್ದು ಮಾತ್ರ ಬಾಯಿಂದಲ್ಲ, ಕಾಲಿಂದ. ಬಂಕಿನ ಮುಂದೆ ಎತ್ತರದ ಕಂಬ, ಅದರ ನೆತ್ತಿಯಲ್ಲಿ ದರದ ಬೋರ್ಡು. ಗುಂಡಿ ಒತ್ತಿದರೆ ಬದಲಾಗುವ ದೀಪದ ಅಂಕಿಗಳಲ್ಲ, ಕೊಕ್ಕೆಗೆ ಸಿಕ್ಕಿಸುವ ತಗಡಿನ ಅಂಕಿಗಳು. ದರ ಬದಲಾದಾಗಲೆಲ್ಲ ಯಾರಾದರೊಬ್ಬರು ಏಣಿ ಹತ್ತಿ ಹಳೆಯ ತಗಡು ಬಿಚ್ಚಿ ಹೊಸದು ಹಾಕಬೇಕು. ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಕೆಲಸ ಮಾಡುತ್ತಿದ್ದವನು ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡು, ಇನ್ನು ಈ ಜನ್ಮದಲ್ಲಿ ಏಣಿ ಮುಟ್ಟುವುದಿಲ್ಲ ಎಂದುಬಿಟ್ಟ. ಯಜಮಾನರು ಉಳಿದವರ ಮುಖ ನೋಡಿದರು. ಉಳಿದವರು ನೆಲ ನೋಡಿದರು. ಅಷ್ಟರಲ್ಲಿ ಮೂಲೆಯಲ್ಲಿ ಟಯರಿಗೆ ಗಾಳಿ ತುಂಬುತ್ತಿದ್ದ ಈ ಹೆಂಗಸು ಕೈ ಒರೆಸಿಕೊಂಡು ಬಂದು, ತಗಡನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿಯೇಬಿಟ್ಟಳು. ಕೆಳಗೆ ಗಂಡಸರು ಏಣಿ ಹಿಡಿದು ನಿಂತರು, ಮೇಲೆ ಅವಳು ತಗಡು ಸಿಕ್ಕಿಸಿದಳು. ಇಳಿದು ಬರುವಷ್ಟರಲ್ಲಿ ಅವಳು ಏಣಿಯಕ್ಕನಾಗಿದ್ದಳು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರೂ ಅಕ್ಕ ಎನ್ನತೊಡಗಿದರು. ಗಾಳಿ ತುಂಬುವುದರಿಂದ ಪೆಟ್ರೋಲ್ ಹಾಕುವುದಕ್ಕೆ ಬಡ್ತಿಯೂ ಸಿಕ್ಕಿತು.

ಆ ಕೆಲಸವೆಂದರೆ ಅವಳಿಗೆ ಜೀವ. ನೀಲಿ ಅಂಗಿ ತೊಟ್ಟು ಬಂಕಿನಲ್ಲಿ ನಿಂತರೆ ಅವಳ ನಿಲುವೇ ಬೇರೆಯಾಗುತ್ತಿತ್ತು. ಅಭಿಮಾನದ ಮಾತು ಹಾಗಿರಲಿ, ಮನೆ ನಡೆಯುತ್ತಿದ್ದದ್ದೂ ಅದರಿಂದಲೇ. ಗಂಡ ಒಂದು ಬೇಕರಿಯ ಬ್ರೆಡ್ಡನ್ನು ಅಂಗಡಿ ಅಂಗಡಿಗೆ ಮುಟ್ಟಿಸುತ್ತಿದ್ದ. ಸಣ್ಣ ವ್ಯಾನು, ವ್ಯಾನೂ ಅವನದೇ, ಪೆಟ್ರೋಲೂ ಅವನದೇ. ಬೇಕರಿಯವರು ಕೊಡುತ್ತಿದ್ದದ್ದು ಎಂದೋ ಗೊತ್ತುಮಾಡಿದ ಬಾಡಿಗೆ. ಪೆಟ್ರೋಲ್ ಏರುತ್ತಾ ಹೋದ ಹಾಗೆ ಅವನ ದುಡಿಮೆ ವ್ಯಾನಿನ ಹೊಟ್ಟೆಗೇ ಸರಿಹೋಗುತ್ತಿತ್ತು. ಮನೆಯವರ ಹೊಟ್ಟೆಗೆ ಏಣಿಯಕ್ಕನ ಸಂಬಳವೇ ಗತಿ.

ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ಇನ್ನೊಂದು ಬಂಕ್. ಅದರ ಮಾಲೀಕರೂ ಇವಳ ಯಜಮಾನರೂ ಷಡ್ಡಕರು, ಅಕ್ಕತಂಗಿಯರ ಗಂಡಂದಿರು. ಮಾವನ ಹಳೇ ಕಾರು ಯಾರಿಗೆ ಸೇರಬೇಕು ಎಂಬ ಘನವಾದ ಕಾರಣಕ್ಕೆ ಮಾತು ಬಿಟ್ಟವರು. ಆ ಕಾರು ಇಬ್ಬರಿಗೂ ಸೇರದೆ ತುಕ್ಕು ಹಿಡಿದು ಗುಜರಿಗೆ ಹೋಯಿತು, ಮಕ್ಕಳು ಬೆಳೆದು ದೊಡ್ಡವರಾದರು, ಇವರಿಗೆ ಮಾತ್ರ ಮಾತು ಮರಳಲಿಲ್ಲ. ಅಕ್ಕತಂಗಿಯರು ದಿನಾ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದರು, ಅದು ಬೇರೆ. ಗಂಡಂದಿರು ಎದುರಾದರೆ ಒಬ್ಬರು ಆಕಾಶ ನೋಡುತ್ತಿದ್ದರು, ಇನ್ನೊಬ್ಬರು ಚಪ್ಪಲಿ ನೋಡಿಕೊಳ್ಳುತ್ತಿದ್ದರು.

ಆದರೆ ಮಾತು ಬಿಟ್ಟಿದ್ದರೇ ಹೊರತು ನೋಟ ಬಿಟ್ಟಿರಲಿಲ್ಲ. ಇವರ ಆಫೀಸಿನ ಕುರ್ಚಿ ಆಚೆ ಬೋರ್ಡಿಗೆ ಮುಖ ಮಾಡಿತ್ತು, ಅವರ ಕುರ್ಚಿ ಈಚೆ ಬೋರ್ಡಿಗೆ. ಪೆಟ್ರೋಲ್ ಬರುತ್ತಿದ್ದದ್ದು ಇಬ್ಬರಿಗೂ ಒಂದೇ ಡಿಪೋದಿಂದ, ಮಾರುವ ದರ ಮಾತ್ರ ಅವರವರ ಇಷ್ಟ. ಡಿಪೋದಲ್ಲಿ ದರ ಏರಿತೆಂಬ ಸುದ್ದಿ ಇಬ್ಬರ ಫೋನಿಗೂ ಒಟ್ಟಿಗೇ ಬರುತ್ತಿತ್ತು. ಬಂದದ್ದೇ ತಡ, ಈ ಕಡೆ "ಏಣಿಯಕ್ಕಾ!" ಎಂಬ ಕೂಗು, ಆ ಕಡೆ ಅವರ ಆಳು ಏಣಿ ಎಳೆಯುವ ಸದ್ದು. ಅವಳು ಕೊನೆಯ ಅಂಕಿ ಸಿಕ್ಕಿಸಿ ತಿರುಗಿ ನೋಡಿದರೆ ಆಚೆ ಕಂಬದ ಮೇಲೂ ಅದೇ ಅಂಕಿ. ಅವಳಿಜವಳಿ ಮಕ್ಕಳಲ್ಲೂ ಅಷ್ಟು ಹೋಲಿಕೆ ಇರುವುದಿಲ್ಲ. ನೆಲದಡಿಯ ಟ್ಯಾಂಕಿನಲ್ಲಿ ಕಡಿಮೆ ದರಕ್ಕೆ ತಂದ ಹಳೇ ಪೆಟ್ರೋಲೇ ಇರುತ್ತಿತ್ತು. ಇದ್ದರೇನು, ಆ ಗಳಿಗೆಯಿಂದ ಅದಕ್ಕೂ ಹೊಸ ದರ.

ಏರಿದ ದಿನ ಜನ ಬೈಯುತ್ತಿದ್ದರು. ಯಾರನ್ನು? ಯಜಮಾನರು ಗಾಜಿನ ಕೋಣೆಯೊಳಗೆ ತಣ್ಣಗೆ ಕೂತಿರುತ್ತಿದ್ದರು. ಡಿಪೋದವರು ಎಲ್ಲೋ, ಸರ್ಕಾರ ಎಲ್ಲೋ. ಕೈಗೆ ಸಿಗುತ್ತಿದ್ದವಳು ನಾಜಲ್ ಹಿಡಿದವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. "ಹೋಗಿ ಹೋಗಿ ನೀನೇ ಹತ್ತಿ ಏರಿಸ್ತೀಯಲ್ಲಮ್ಮ, ಕೈ ಬರುತ್ತಾ ನಿನಗೆ?" ಎಂದು ಒಬ್ಬ ಮುದುಕ ಕೇಳಿದ್ದ. ಯಾರ ಬಾಯಿಗೂ ಸೋಲದ ಏಣಿಯಕ್ಕ ಆ ದಿನ ಮುಂದಿನ ಗಾಡಿಯ ಕಡೆ ತಿರುಗಿಕೊಂಡಿದ್ದಳು. ಮನೆಗೆ ಬಂದು ಅದನ್ನೇ ನೆನೆನೆನೆದು ಉರಿದುಕೊಂಡಿದ್ದಳು.

ಆಮೇಲೆ ಕಚ್ಚಾ ಎಣ್ಣೆಯ ಬೆಲೆ ಇಳಿಯಲು ಶುರುವಾಯಿತು. ಈ ಸುದ್ದಿ ಮನೆಗೆ ತಂದವರು ಅತ್ತೆ. ಮಂಡಿನೋವಿನಿಂದ ಮಂಚ ಬಿಟ್ಟು ಹೆಚ್ಚು ಓಡಾಡದ ಅತ್ತೆಗೆ ರೇಡಿಯೊ ಒಂದಿದ್ದರೆ ಸಾಕು, ಲೋಕದ ಆಗುಹೋಗೆಲ್ಲ ತಲೆದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

"ಕಚ್ಚಾ ತೈಲ ಮತ್ತೆ ಇಳೀತಂತೆ ಕಣೇ. ಇಳೀತಾನೇ ಇದೆಯಂತೆ. ನಿಮ್ಮ ಬೋರ್ಡ್ ಯಾಕೆ ಕಂಬಕ್ಕೆ ಅಂಟ್ಕೊಂಡು ಕೂತಿದೆ?"

"ನನ್ನ ಕೇಳಿದ್ರೆ ಅತ್ತೆ? ನಾನೇನು ಬಾವಿ ತೋಡಿ ಎಣ್ಣೆ ತೆಗೀತೀನಾ?"

"ನೀನಲ್ವೇನೇ ಏಣಿ ಹತ್ತೋಳು! ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲವಂತೆ. ಹಾಗಾಯ್ತು ನಿಮ್ಮ ಬಂಕಿನ ಕತೆ."

ಗಂಡ ಮಾತಿನವನಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ವ್ಯಾನು ಮನೆಯ ಮುಂದೆಯೇ ನಿಂತಿದೆ, ಅವನು ಹಳೇ ಸೈಕಲ್ಲಿನ ಹಿಂದೆ ಬ್ರೆಡ್ಡಿನ ಪೆಟ್ಟಿಗೆ ಕಟ್ಟುತ್ತಿದ್ದಾನೆ. ಹತ್ತಿರದ ಅಂಗಡಿಗಳಿಗೆ ಇದೇ ಸಾಕು ಎಂದ. ಹತ್ತಿರದ್ದು ಮುಗಿಸಿ ದೂರದ್ದಕ್ಕೂ ಅದರಲ್ಲೇ ಹೋದ. ಸಂಜೆ ಬಂದವನ ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು. ಬಿಸಿನೀರು ಕಾಯಿಸಿ ಕೊಟ್ಟಳು, ಕೈ ಬಾಯಿಗೆ ಅಡ್ಡ ಹಿಡಿದುಕೊಂಡೇ ಓಡಾಡಿದಳು. ಬಾಯಿ ಬಿಟ್ಟರೆ ಯಾರಿಗೆ ಬೈಯುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ.

ಯಜಮಾನರನ್ನು ಕೇಳಿಯೇ ಕೇಳಿದಳು. ಕೇಳಲು ಅವಳಿಗೊಂದು ದಾರಿಯೂ ಇತ್ತು. ಯಜಮಾನರ ಕಣ್ಣಿಗೆ ಪೊರೆ ಬಂದು ದೂರದ್ದು ಮಬ್ಬಾಗಿ ಕಾಣುತ್ತಿತ್ತು, ಹತ್ತಿರದ್ದು ಕಾಣುತ್ತಲೇ ಇರಲಿಲ್ಲ. ಡಿಪೋದಿಂದ ಫೋನಿಗೆ ಬರುವ ದರವನ್ನು ಅವಳೇ ಓದಿ ಹೇಳಬೇಕಿತ್ತು.

"ಇವತ್ತೂ ಇಳಿಸಿದ್ದಾರೆ ಯಜಮಾನ್ರೇ. ಏಣಿ ತರ್ಲಾ?"

"ತಡಿ ತಡಿ. ಟ್ಯಾಂಕಲ್ಲಿರೋದು ಹಳೇ ಸ್ಟಾಕು. ಹೆಚ್ಚು ಕೊಟ್ಟು ತಂದಿದ್ದೀನಿ, ಅದು ಖಾಲಿ ಆಗ್ಲಿ."

"ಏರಿಸಿದಾಗಲೂ ಟ್ಯಾಂಕಲ್ಲಿದ್ದದ್ದು ಹಳೇ ಸ್ಟಾಕೇ ಅಲ್ವಾ? ಆಗ ಖಾಲಿ ಆಗೋವರೆಗೂ ಕಾದ್ರಾ?"

ಯಜಮಾನರು ಕನ್ನಡಕ ಒರೆಸಿಕೊಂಡರು. ಆ ಸ್ಟಾಕು ಖಾಲಿಯಾಗಿ ಹೊಸ ಟ್ಯಾಂಕರ್ ಬಂದು ಹೋಯಿತು. ಬೋರ್ಡು ಕದಲಲಿಲ್ಲ. ಅವಳು ಮತ್ತೆ ಕೇಳಿದಳು.

"ಒಂದು ಲೀಟರಲ್ಲಿ ಎಣ್ಣೆ ಎಷ್ಟು, ತೆರಿಗೆ ಎಷ್ಟು ಗೊತ್ತಾ ನಿನಗೆ? ಎಣ್ಣೆ ಇಳಿದ್ರೆ ತೆರಿಗೆ ಇಳಿಯುತ್ತಾ? ಇಳಿಯೋದಿರ್ಲಿ, ಎಣ್ಣೆ ಇಳಿದ ಸಂದಿ ನೋಡ್ಕೊಂಡು ಸರ್ಕಾರ ಇನ್ನೊಂದಿಷ್ಟು ತುರುಕುತ್ತೆ. ಅದರ ಮೇಲೆ ಎಣ್ಣೆ ಶುದ್ಧ ಮಾಡೋ ಖರ್ಚು, ಹಡಗಿನ ಬಾಡಿಗೆ, ಟ್ಯಾಂಕರ್ ಬಾಡಿಗೆ, ನಿನ್ನ ಸಂಬಳ. ಕಚ್ಚಾ ಎಣ್ಣೆ ಅರ್ಧ ಆಯ್ತು ಅಂತ ಪೆಟ್ರೋಲೂ ಅರ್ಧ ಆಗಲ್ಲಮ್ಮ. ಏನು, ನಿನ್ನ ಸಂಬಳ ಇಳಿಸ್ಲಾ?"

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಏಣಿಯಕ್ಕ ಅದನ್ನು ಒಪ್ಪಿಕೊಂಡಳು. ಒಪ್ಪಿಕೊಂಡೇ ಹೇಳಿದಳು: "ನಾನು ಅರ್ಧ ಕೇಳ್ತಿಲ್ಲ ಯಜಮಾನ್ರೇ. ಆ ತೆರಿಗೆ, ಆ ಬಾಡಿಗೆ ಎಲ್ಲಾ ಹಿಡ್ಕೊಂಡ ಮೇಲೂ ಡಿಪೋದವರು ನಮಗೆ ಇಳಿಸಿದ್ದಾರಲ್ಲ, ಅಷ್ಟನ್ನಾದ್ರೂ ಇಳಿಸಿ."

ಆಗ ಹೊರಬಿತ್ತು ನಿಜವಾದ ಕಾರಣ. "ಎದುರಿನವನು ಇಳಿಸ್ಲಿ, ನಾನೂ ಇಳಿಸ್ತೀನಿ. ಅವನು ಸುಮ್ಮನಿರುವಾಗ ನಾನ್ಯಾಕೆ ಕೈಯಾರೆ ಕಳ್ಕೊಳ್ಳಲಿ? ಜನರ ವಿಷಯ ಬಿಡು. ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಗಾಡಿ ಇಟ್ಟವನು ಬಂಕಿಗೆ ಬರದೆ ಇರ್ತಾನಾ? ಏರಿಸಿದ ದಿನ ಬೈತಾರೆ, ಅಲ್ಲಿ ಕಡಿಮೆ ಇದೆಯಾ ಇಲ್ಲಿ ಕಡಿಮೆ ಇದೆಯಾ ಅಂತ ಅಲೀತಾರೆ. ನಾಲ್ಕು ದಿನ ಹೋದ್ರೆ ರೂಢಿ ಆಗುತ್ತೆ. ಏರಿದ್ದನ್ನ ಬೈಯೋರು ಇದ್ದಾರೆ, ನಿಂತಿದ್ದನ್ನ ಬೈಯೋರು ಯಾರೂ ಇಲ್ಲ."

"ಹಂಗಾದ್ರೆ ಏರಿಸೋಕೆ ನಾನೊಬ್ಬಳು ಸಾಕು, ಇಳಿಸೋಕೆ ನಿಮ್ಮ ಷಡ್ಡಕರು ಬೇಕಾ?"

"ಬಾಯಿ ಮುಚ್ಚು. ಗಾಡಿ ಬಂದಿದೆ, ನೋಡು ಹೋಗು."

ಬಾಯಿ ಮುಚ್ಚಿದಳು. ಆದರೆ ಮುಚ್ಚಿದ ಬಾಯೊಳಗೆ ಆ ಮಾತು ಸುತ್ತುತ್ತಲೇ ಇತ್ತು. ಬೈಯೋರು ಯಾರೂ ಇಲ್ಲವಂತೆ! ತನ್ನಂಥ ಬಾಯಿ ಇರುವವಳ ಎದುರಿಗೇ ಈ ಮಾತು!

ಪೊರೆ ಬಲಿತು ಯಜಮಾನರು ಕಣ್ಣಿನ ಆಪರೇಷನ್ನಿಗೆ ಹೋಗಬೇಕಾಯಿತು. ಬಗ್ಗಬಾರದು, ಹತ್ತಬಾರದು, ಧೂಳು ಹೊಗೆ ಕೂಡದು, ಕಣ್ಣಿಗೆ ಒತ್ತಡವಾಗುವ ಸುದ್ದಿಯೂ ಕೂಡದು, ಕೆಲವು ದಿನ ಮನೆಯಿಂದ ಹೊರಡಲೇಬಾರದು ಎಂದು ಡಾಕ್ಟರು ಹೇಳಿದ್ದರು. ಹೊರಡುವ ಮುಂಚೆ ಏಣಿಯಕ್ಕನನ್ನು ಕರೆದು ಹೇಳಿದರು: "ನಾನಿಲ್ಲ ಅಂತ ದರಕ್ಕೆಲ್ಲ ನನ್ನ ಕೇಳ್ತಾ ಕೂರಬೇಡ. ಎದುರಿನವನ ಬೋರ್ಡ್ ನೋಡ್ತಾ ಇರು. ಅವನು ಏನು ಹಾಕ್ತಾನೋ ನೀನೂ ಅದನ್ನೇ ಹಾಕು, ಆ ಗಳಿಗೆಯಲ್ಲೇ. ತಿಳೀತಾ?"

ತಿಳಿಯಿತು. ಅವಳಿಗೆ ಇನ್ನೂ ಒಂದು ವಿಷಯ ತಿಳಿದಿತ್ತು. ಚಹಾದ ಅಂಗಡಿಯಲ್ಲಿ ಎದುರು ಬಂಕಿನ ಆಳು ಸಿಕ್ಕಾಗ, "ನಮ್ಮವರೂ ಅದೇ ಹೇಳಿದ್ದಾರಕ್ಕ. ನಿಮ್ಮ ಬೋರ್ಡಲ್ಲಿ ಏನಿದೆಯೋ ಅದೇ ಇರಬೇಕಂತೆ, ಕಣ್ಣು ಮಿಟುಕಿಸದೆ ನೋಡ್ತಿರು ಅಂದಿದ್ದಾರೆ," ಎಂದಿದ್ದ. ಅವನು ಈ ಬೋರ್ಡು ನೋಡುತ್ತಾನೆ, ಇವಳು ಆ ಬೋರ್ಡು ನೋಡುತ್ತಾಳೆ. ಕನ್ನಡಿಗೆ ಕನ್ನಡಿ ಹಿಡಿದ ಹಾಗೆ. ನಡುವೆ ಇಡೀ ಊರು ತನ್ನ ಗಾಡಿಗಳನ್ನು ತಂದು ನಿಲ್ಲಿಸಿ, ಮೂಗುದಾರ ಹಾಕಿಸಿಕೊಂಡವರಂತೆ ದುಡ್ಡು ಕೊಟ್ಟು ಹೋಗುತ್ತದೆ. ಏಣಿಯಕ್ಕನಿಗೆ ಮೊದಲು ನಗು ಬಂತು. ಆಮೇಲೆ ಅಸಹ್ಯವಾಯಿತು.

ಮಾರನೆಯ ಬೆಳಗ್ಗೆ ಡಿಪೋ ಮತ್ತೆ ಇಳಿಸಿತು. ಯಜಮಾನರು ಬಿಟ್ಟುಹೋದ ಬಂಕಿನ ಫೋನು ಅವಳ ಕೈಯಲ್ಲೇ ಇತ್ತು. ತಲೆಯೆತ್ತಿದರೆ ರಸ್ತೆಯಲ್ಲಿ ಗಂಡ, ಪೆಟ್ಟಿಗೆಗಳ ಭಾರಕ್ಕೆ ಅಡ್ಡಾಡುವ ಸೈಕಲ್ಲನ್ನು ತುಳಿಯುತ್ತಾ ಎರಡು ಬೋರ್ಡುಗಳ ನಡುವೆ ಹೋಗುತ್ತಿದ್ದ. ಅವನು ಮೇಲೆ ನೋಡಲೂ ಇಲ್ಲ. ಆ ಬೋರ್ಡಿನಲ್ಲಿ ತನಗಾಗಿ ಏನಾದರೂ ಬದಲಾದೀತು ಎಂಬ ಆಸೆಯನ್ನೇ ಬಿಟ್ಟವನ ಹಾಗೆ ಹೋದ. ಅವಳಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

ಒಳಗೆ ಹೋಗಿ ತಗಡುಗಳ ಪೆಟ್ಟಿಗೆ ತೆಗೆದಳು. ಸೊಂಟ ಉಳುಕಿಸಿಕೊಂಡಿದ್ದನಲ್ಲ, ಬಂಕಿನಲ್ಲಿ ಎಲ್ಲರೂ ಸೊಂಟದಣ್ಣ ಎನ್ನುತ್ತಿದ್ದವನು, ಅವನು ಅಡ್ಡ ಬಂದ.

"ಅಕ್ಕಾ, ಎದುರಿನವರು ಏನೂ ಮಾಡಿಲ್ವಲ್ಲ. ನೀನೇನು ಮಾಡ್ತಿದ್ದೀಯ?"

"ಇಳಿಸ್ತಿದ್ದೀನಿ."

"ಕೆಲಸ ಹೋಗುತ್ತಕ್ಕ!"

"ಹೋದ್ರೆ ಹೋಗ್ಲಿ. ಏರಿಸುವಾಗೆಲ್ಲ ಬೇಕಾಗಿದ್ದು ಈ ಕೈ ತಾನೇ? ಅದಕ್ಕೂ ಒಂದು ಮರ್ಯಾದೆ ಬೇಡ್ವಾ? ಏಣಿ ಹಿಡಿ."

ಸೊಂಟದಣ್ಣ ಏಣಿ ಹಿಡಿದ. ಅವಳು ಹತ್ತಿ, ಕೊನೆಯ ಅಂಕಿಯನ್ನು ಬಿಚ್ಚಿ, ಅದಕ್ಕಿಂತ ಒಂದು ಕಡಿಮೆಯದನ್ನು ಸಿಕ್ಕಿಸಿದಳು. ಒಂದೇ ಒಂದು. ಮೇಲಿನಿಂದ ನೋಡಿದರೆ ಆಚೆ ಬಂಕಿನ ಆಳು ಬಾಯಿ ತೆರೆದುಕೊಂಡು ನಿಂತಿದ್ದಾನೆ, ಮರುಗಳಿಗೆ ಎದ್ದೆನೋ ಬಿದ್ದೆನೋ ಎಂದು ಆಫೀಸಿನೊಳಗೆ ಓಡುತ್ತಿದ್ದಾನೆ. ಷಡ್ಡಕರು ಹೊರಬಂದರು. ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. ಒಳಹೋದರು, ಮತ್ತೆ ಬಂದು ನೋಡಿದರು. ಅಷ್ಟರಲ್ಲಿ ಅವರ ಬಂಕಿಗೆ ತಿರುಗಲಿದ್ದ ಒಂದು ಕಾರು ತಲೆಯೆತ್ತಿ ನೋಡಿ ಈ ಕಡೆಗೆ ತಿರುಗಿಕೊಂಡಿತು. ಅದರ ಹಿಂದಿನದೂ ತಿರುಗಿತು. ಆ ಕಡೆ ಏಣಿ ಎಳೆಯುವ ಸದ್ದಾಯಿತು.

ಷಡ್ಡಕರು ಸೇರಿಗೆ ಸವ್ವಾಸೇರು. ಅವಳು ಹಾಕಿದ್ದಕ್ಕಿಂತ ಇನ್ನೂ ಚೂರು ಕೆಳಗೆ ಹಾಕಿಸಿದರು. ಏಣಿಯಕ್ಕ ಸೊಂಟದಣ್ಣನಿಗೆ ಕಣ್ಣು ಮಿಟುಕಿಸಿದಳು. "ಯಜಮಾನರ ಅಪ್ಪಣೆ ಏನು? ಅವನು ಏನು ಹಾಕ್ತಾನೋ ಅದನ್ನೇ ಹಾಕು. ಹಿಡಿ ಏಣಿ." ಅವಳು ಅದಕ್ಕೆ ಸರಿಸಮ ಮಾಡಿದಳು. ಇವಳು ಯುದ್ಧ ಹೂಡಿದಳೆಂದು ತಿಳಿದ ಷಡ್ಡಕರು ಮಾರನೆಯ ದಿನ ಮತ್ತೆ ಇಳಿಸಿದರು. ಇವಳೂ ಇಳಿಸಿದಳು. ಹೀಗೆ ಎರಡೂ ಬೋರ್ಡು ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ಬಂದವು. ಡಿಪೋ ಇಷ್ಟು ದಿನ ಇಳಿಸಿದ್ದೆಲ್ಲ ಬೋರ್ಡಿಗೆ ಬಂದು ಮುಟ್ಟಿದ ಮೇಲೆ ಅವಳು ನಿಂತಳು. ಇನ್ನೂ ಕೆಳಗಿಳಿದರೆ ಬಂಕಿಗೆ ನಷ್ಟ, ಎದುರಿನವರಿಗೂ ನಷ್ಟ. ಅವರೂ ಅಲ್ಲೇ ನಿಂತರು. ಯಜಮಾನರಿಗೆ ನ್ಯಾಯವಾಗಿ ಬರಬೇಕಾದದ್ದು ಬರುತ್ತಲೇ ಇತ್ತು.

ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಗಾಡಿಗಳೆಲ್ಲ ಹೊರಬಂದವೇನೋ ಎನ್ನುವ ಹಾಗೆ ಸಾಲು ಬೆಳೆಯಿತು. ಒಂದು ಬೆಳಗ್ಗೆ ಆ ಸಾಲಿನಲ್ಲಿ ಬ್ರೆಡ್ಡಿನ ವ್ಯಾನೂ ಇತ್ತು. ಗಂಡ ಕಿಟಕಿಯಿಂದ ತಲೆ ಹೊರಹಾಕಿ, ಬೋರ್ಡು ನೋಡಿ, ಅವಳನ್ನು ನೋಡಿ, "ನೀನೇನೇ?" ಎಂದ. ಅವಳು, "ಸೊನ್ನೆ ನೋಡ್ಕೊಳ್ರೀ," ಎಂದಳು. ಆ ದಿನ ಅವಳಿಗಾದ ಖುಷಿಯನ್ನು ಮುಚ್ಚಿಡಲು ಅವಳಿಂದ ಆಗಲಿಲ್ಲ. ಬಂದವರನ್ನೆಲ್ಲ ಒಂದು ಸುತ್ತು ಹೆಚ್ಚಾಗಿಯೇ ಬೈದಳು.

ಯಜಮಾನರಿಗೆ ಇದೊಂದೂ ಗೊತ್ತಿರಲಿಲ್ಲ. ಅವರ ಹೆಂಡತಿಗೆ ತಂಗಿಯ ಫೋನಿನಿಂದ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಕಣ್ಣಿಗೆ ಒತ್ತಡವಾಗುವಂಥ ಯಾವ ಸುದ್ದಿಯನ್ನೂ ಹೇಳಬಾರದೆಂದು ಡಾಕ್ಟರು ಹೇಳಿದ್ದರಲ್ಲ, ಆ ತಾಯಿ ಅದನ್ನು ಅಕ್ಷರಶಃ ಪಾಲಿಸಿದರು.

ಕೊನೆಗೆ ಕಣ್ಣಿನ ಪಟ್ಟಿ ಬಿಚ್ಚಿದ ಯಜಮಾನರು ಕಪ್ಪು ಕನ್ನಡಕ ಹಾಕಿ, ಹೆಂಡತಿಯ ತೋಳು ಹಿಡಿದು ಬಂಕಿಗೆ ಬಂದರು. ಗಾಡಿಗಳ ಸಾಲು ಕಂಡು ಮುಖ ಅರಳಿತು. "ಪರವಾಗಿಲ್ವೇ, ನಾನಿಲ್ಲದಿದ್ರೂ ವ್ಯಾಪಾರ ಜೋರಾಗಿದೆ!" ಎಂದರು. ಆಮೇಲೆ ಕನ್ನಡಕ ಎತ್ತಿ ಬೋರ್ಡು ನೋಡಿದರು. ಆಪರೇಷನ್ ಚೆನ್ನಾಗಿ ಆಗಿತ್ತು. ಒಂದೊಂದು ಅಂಕಿಯೂ ಸ್ಪಷ್ಟವಾಗಿ ಕಂಡಿತು. ತಿರುಗಿ ಎದುರಿನದನ್ನು ನೋಡಿದರು.

"ಅವನು ಇಳಿಸಿದ್ನಾ?"

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೌದು ಎನ್ನುವವರೇ ಸುತ್ತಲೂ ಇದ್ದರು. ಸೊಂಟದಣ್ಣ ಅವಳ ಕಡೆ ನೋಡಿ ಎರಡು ಸಲ ಕೆಮ್ಮಿಯೂ ಕೆಮ್ಮಿದ. ಹೌದು ಎಂಬ ಒಂದು ಮಾತಿಗೆ ನೀಲಿ ಅಂಗಿ ಉಳಿಯುತ್ತಿತ್ತು, ಸಂಬಳ ಉಳಿಯುತ್ತಿತ್ತು. ಆದರೆ ಕದ್ದು ಮಾಡಿದ ಕೆಲಸ ಎಂದಾಗಿಬಿಟ್ಟರೆ ಮಾಡಿದ್ದಕ್ಕೆ ಬೆಲೆಯೇನು ಎಂದು ಅವಳಿಗೆ ಅನ್ನಿಸಿತು.

"ಇಲ್ಲ ಯಜಮಾನ್ರೇ. ಮೊದಲು ಇಳಿಸಿದ್ದು ನಾನು."

"ನೀನಾ? ಉಂಡ ಮನೆಗೆ ಎರಡು ಬಗೆದ್ಯಾ?"

"ಎರಡು ಬಗೆದಿದ್ರೆ ಈಗ ಸುಳ್ಳು ಹೇಳ್ತಿದ್ದೆ. ಡಿಪೋ ಇಳಿಸಿದ್ದಷ್ಟನ್ನೇ ಇಳಿಸಿದ್ದೀನಿ, ಕೂದಲೆಳೆಯಷ್ಟೂ ಹೆಚ್ಚಿಲ್ಲ."

"ಹತ್ತು ಏಣಿ. ಹಳೇ ದರ ಹಾಕು."

"ಹಾಕಲ್ಲ. ಡಿಪೋ ಏರಿಸ್ಲಿ, ಈಗಿಂದೀಗಲೇ ಹತ್ತಿ ಏರಿಸ್ತೀನಿ. ಸುಮ್ ಸುಮ್ನೆ ಏರಿಸೋಕೆ ನನ್ನ ಕೈ ಬರಲ್ಲ."

ಯಜಮಾನರು ಉಳಿದವರನ್ನು ಕರೆದರು. ಸೊಂಟದಣ್ಣನಿಗೆ ಸೊಂಟ ಇದ್ದೇ ಇತ್ತು. ಇನ್ನೊಬ್ಬನಿಗೆ ಇದ್ದಕ್ಕಿದ್ದಂತೆ ತಲೆ ಸುತ್ತು ಬಂತು. ಮತ್ತೊಬ್ಬನಿಗೆ ಕಾಲಿನಲ್ಲಿ ಮುಳ್ಳಿತ್ತು. ಯಾವ ಕಾಲು ಎಂದು ಕೇಳಿದ್ದಕ್ಕೆ ಎರಡನ್ನೂ ತೋರಿಸಿದ. ಸಿಟ್ಟಿನಿಂದ ಯಜಮಾನರೇ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟರು. "ಅಯ್ಯೋ, ಕಣ್ಣುರೀ!" ಎಂದು ಹೆಂಡತಿ ಚೀರಿ ಅಂಗಿ ಹಿಡಿದೆಳೆದರು.

ಹಾಗೆ ಒಂದು ಕಾಲು ಏಣಿಯ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತಾಗ ಅವರಿಗೆ ಎದುರಿನ ಬಂಕ್ ಕಂಡಿತು. ಷಡ್ಡಕರೂ ಹೊರಬಂದು ನಿಂತಿದ್ದರು. ಅವರ ಆಳು ಆಗಲೇ ಏಣಿ ಹತ್ತಿ, ದೊಡ್ಡ ಅಂಕಿಯ ತಗಡನ್ನು ಕಂಕುಳಲ್ಲಿಟ್ಟುಕೊಂಡು ಇತ್ತಲೇ ನೋಡುತ್ತಿದ್ದ. ಅವರಿಗೂ ಏರಿಸುವ ಆಸೆ. ಆದರೆ ಇವರು ಮೊದಲು ಏರಿಸಲಿ ಎಂದು ಕಾಯುತ್ತಿದ್ದರು. ಸಾಲಿನಲ್ಲಿದ್ದ ಗಾಡಿಗಳವರೂ ತಲೆಯೆತ್ತಿ ಕಾಯುತ್ತಿದ್ದರು, ಯಾವ ಕಡೆ ಏರಿದರೆ ಅದರ ಎದುರಿಗೆ ತಿರುಗಿಸೋಣವೆಂದು. ಮೊದಲು ಇಳಿಸಲು ಯಜಮಾನರಿಗೆ ಯಾವ ಹೆದರಿಕೆ ಇತ್ತೋ, ಮೊದಲು ಏರಿಸಲೂ ಈಗ ಅದೇ ಹೆದರಿಕೆ. ಡಿಪೋ ಏರಿಸಿತೆಂಬ ನೆಪವೂ ಕೈಯಲ್ಲಿಲ್ಲ.

"ರಸ್ತೆ ದಾಟಿ ಹೋಗಿ ಮಾತಾಡಿ ಬನ್ನಿ ಯಜಮಾನ್ರೇ," ಎಂದಳು ಏಣಿಯಕ್ಕ. ಸಾಲಿನ ಕೊನೆಗೂ ಕೇಳುವ ಗಂಟಲು ಅವಳದು. "ಇಬ್ಬರೂ ಒಟ್ಟಿಗೆ ಏರಿಸೋಣ ಅಂತ ಒಪ್ಕೊಂಡು ಬನ್ನಿ. ಮಾತಾಡದೆ ಮಾಡಿದ್ರೆ ಅದಕ್ಕೆ ವ್ಯಾಪಾರ ಅಂತಾರೆ. ಮಾತಾಡ್ಕೊಂಡು ಮಾಡಿದ್ರೆ ಏನಂತಾರೆ, ಇಲ್ಲಿ ನಿಂತವರನ್ನೇ ಕೇಳೋಣ."

ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಯಜಮಾನರು ಏಣಿಯಿಂದ ಕಾಲು ತೆಗೆದು, ಹೆಂಡತಿಯ ಕೈ ಬಿಡಿಸಿಕೊಂಡು ರಸ್ತೆಯ ಅಂಚಿನವರೆಗೆ ಹೋದರು. ಎದುರಿಗೆ ಷಡ್ಡಕರೂ ಅಂಚಿಗೆ ಬಂದರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಮುಖಕ್ಕೆ ಮುಖ ಕೊಟ್ಟು ನೋಡಿದ್ದು ಅದೇ ಮೊದಲು. ಆದರೆ ರಸ್ತೆ ದಾಟಿದವರು ಯಾರೂ ಇಲ್ಲ.

ವಾಪಸು ಬಂದು ಯಜಮಾನರು ಅವಳ ಮುಖ ನೋಡದೆ ಹೇಳಿದರು: "ನಾಳೆಯಿಂದ ನೀನು ಬರಬೇಡ."

ಅವಳು ಅರ್ಧಕ್ಕೆ ನಿಂತಿದ್ದ ಗಾಡಿಗೆ ಪೆಟ್ರೋಲ್ ಹಾಕಿ ಮುಗಿಸಿದಳು. ಹಿಂದಿನ ಕೋಣೆಗೆ ಹೋಗಿ ನೀಲಿ ಅಂಗಿ ಬಿಚ್ಚಿ ಮೊಳೆಗೆ ತಗುಲಿಸಿದಳು. ಅಲ್ಲಿ ಯಾರೂ ಇರಲಿಲ್ಲವಾದ್ದರಿಂದ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು, ಆದರೂ ಕಣ್ಣೀರು ಕಣ್ಣೀರೇ. ಮುಖ ತೊಳೆದುಕೊಂಡು, ಹಿಂಬಾಗಿಲು ಹತ್ತಿರವಿದ್ದರೂ ಮುಂದಿನಿಂದಲೇ, ಸಾಲಿನ ನಡುವೆಯೇ ನಡೆದು ಹೋದಳು.

ಮನೆಯಲ್ಲಿ ಅತ್ತೆ ಏನೆನ್ನುತ್ತಾರೋ ಎಂಬ ಅಳುಕಿತ್ತು. ಅತ್ತೆ ರೇಡಿಯೊ ಸಣ್ಣದು ಮಾಡಿ ಎಲ್ಲ ಕೇಳಿದರು.

"ಕೆಲಸ ಹೋಯ್ತಾ?"

"ಹೋಯ್ತು ಅತ್ತೆ."

"ದರ ಮೇಲೆ ಹೋಯ್ತಾ?"

"ಇಲ್ಲ."

"ಸರಿ ಬಿಡು. ಕೂತ್ಕೋ, ಊಟ ಮಾಡು."

ಆ ದಿನಗಳು ಸುಲಭವಾಗಿರಲಿಲ್ಲ. ಗಂಡನ ಜೊತೆ ಅವಳೂ ವ್ಯಾನಿನಲ್ಲಿ ಹೋಗಿ ಬ್ರೆಡ್ಡಿನ ಪೆಟ್ಟಿಗೆ ಇಳಿಸತೊಡಗಿದಳು. ಇಬ್ಬರ ಕೈ ಸೇರಿ ಮೊದಲಿಗಿಂತ ಹೆಚ್ಚು ಅಂಗಡಿಗಳಾದವು, ಆದರೂ ಹಳೆಯ ಸಂಬಳಕ್ಕೆ ಅದು ಸಮವಾಗಲಿಲ್ಲ. ಬಂಕಿನ ಮುಂದೆ ಹಾದುಹೋಗುವಾಗಲೆಲ್ಲ ನೀಲಿ ಅಂಗಿಯವರ ಕಡೆ ತಿರುಗಿ ನೋಡುತ್ತಿದ್ದಳು. ತಪ್ಪು ಮಾಡಿದೆನೆಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ. ಯಾವ ಅಂಗಡಿಯಲ್ಲಿ ಬ್ರೆಡ್ಡು ಇಳಿಸಿದರೂ ಅಲ್ಲಿದ್ದವರಿಗೆ ಒಂದೇ ಮಾತು ಹೇಳುತ್ತಿದ್ದಳು: "ಏರಿದಾಗ ಎಲ್ಲರೂ ಬೈತೀರಿ. ಇಳಿಯದೆ ನಿಂತಾಗ ಬೈಯಿರಿ ನೋಡೋಣ. ಆಗ ಬೈಯೋಕೆ ತಾಕತ್ತು ಬೇಕು."

ಮತ್ತೆ ಎಣ್ಣೆ ಏರಿತು. ಎರಡೂ ಬೋರ್ಡು ಹೊತ್ತು ತಡಮಾಡದೆ ಏರಿದವು. ಈ ಕಡೆ ದುಬಾರಿ ಕೂಲಿಗೆ ಹೊರಗಿನವನೊಬ್ಬ ಬಂದು ಹತ್ತಿದನಂತೆ. ಆಮೇಲೆ ಎಣ್ಣೆ ಇಳಿಯಿತು. ಬೋರ್ಡುಗಳು ನಿಂತಲ್ಲೇ ನಿಂತವು. ಡಿಪೋ ಇಳಿಸಿದ ಸುದ್ದಿಯನ್ನು ಸೊಂಟದಣ್ಣ ಚಹಾದ ಅಂಗಡಿಯಲ್ಲಿ ಪಿಸುಗುಟ್ಟಿದ.

ಅದರ ಮಾರನೆಯ ಬೆಳಗ್ಗೆ ಬ್ರೆಡ್ಡಿನ ವ್ಯಾನಿನಲ್ಲಿ ಪೆಟ್ರೋಲ್ ತಳ ಮುಟ್ಟಿತ್ತು. ಎರಡು ಬಂಕ್‌ಗಳ ನಡುವೆ ಬರುತ್ತಿದ್ದಂತೆ ಏಣಿಯಕ್ಕ ಗಂಡನಿಗೆ, "ಇಲ್ಲೇ ನಿಲ್ಸಿ, ಆಫ್ ಮಾಡಿ," ಎಂದಳು. ಅವನು ಅವಳ ಮುಖ ನೋಡಿ ಎಂಜಿನ್ ಆರಿಸಿದ. ಹಿಂದೆ ಬಂದ ಟ್ಯಾಕ್ಸಿಯವನು ಹಾರನ್ ಹೊಡೆದ.

"ಯಾವ ಕಡೆ ತಿರುಗ್ತೀರಿ ಅಕ್ಕಾ?"

"ಯಾರು ಮೊದಲು ಇಳಿಸ್ತಾರೋ ಆ ಕಡೆ."

ಟ್ಯಾಕ್ಸಿಯವನು ಒಂದು ಬೋರ್ಡು ನೋಡಿದ, ಇನ್ನೊಂದು ನೋಡಿದ. ಅವನಿಗೂ ಅವಳ ಬಾಯಿಯ ಪರಿಚಯ ಹಳೆಯದು. ಅವನೂ ಎಂಜಿನ್ ಆರಿಸಿದ. ಅವನ ಹಿಂದಿನವನಿಗೆ ಅವನೇ ಹೇಳಿದ, ಆ ಹಿಂದಿನವನು ತನ್ನ ಹಿಂದಿನವನಿಗೆ. ಸಾಲು ಬೆಳೆದು ತಿರುವಿನವರೆಗೂ ಹೋಯಿತು. ಎರಡೂ ಬಂಕ್‌ಗಳಲ್ಲಿ ಒಂದು ಗಾಡಿಯೂ ಇರಲಿಲ್ಲ. ಎರಡೂ ಗಾಜಿನ ಕೋಣೆಗಳಲ್ಲಿ ಇಬ್ಬರೂ ಷಡ್ಡಕರು ಕುರ್ಚಿ ಬಿಟ್ಟು ಎದ್ದು ನಿಂತಿದ್ದರು.

ಆಮೇಲೆ ಎದುರು ಬಂಕಿನಲ್ಲಿ ಏಣಿ ಎಳೆಯುವ ಸದ್ದು ಕೇಳಿಸಿತು. ಅದು ಕಿವಿಗೆ ಬಿದ್ದದ್ದೇ ಯಜಮಾನರು ಹೊರಗೆ ಓಡಿ ಬಂದರು. ಬರಿಗೈಯಲ್ಲಿದ್ದರು, ಹತ್ತುವವರು ಯಾರೂ ಜೊತೆಯಲ್ಲಿರಲಿಲ್ಲ.

"ಏಣಿಯಕ್ಕಾ, ನಿಲ್ಲು! ತಿರುಗಿಸಬೇಡ! ನಾನೂ ಇಳಿಸ್ತೀನಿ!"

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ಇಳಿಸಿ ಯಜಮಾನ್ರೇ, ಬೇಡ ಅಂದೋರ್ಯಾರು? ಆದ್ರೆ ಇವತ್ತು ಅವರು ಮೊದಲು."

ವ್ಯಾನು ಎದುರಿನ ಬಂಕಿಗೆ ತಿರುಗಿತು, ಹಿಂದಿದ್ದ ಗಾಡಿಗಳೆಲ್ಲ ಒಂದೊಂದಾಗಿ ಅದರ ಹಿಂದೆಯೇ ತಿರುಗಿದವು.